ಕಾರ್ಡಿನ ಮೇಲಿನ ಭಂಡಾರ

ಹಸಿರು ದೀಪ ಹತ್ತಲಿಲ್ಲ, ಈ ಸಲವೂ ಇಲ್ಲ, ಗೋಡೆಗೂ ಮೇಜಿಗೂ ನಡುವೆ ಮುಖ ತುರುಕಿ ಕಂಪ್ಯೂಟರಿನ ಬೆನ್ನು ನೋಡಿದ ದುಂಡೇಶನಿಗೆ ಕಂಡದ್ದು ಒಂದೇ ದೀಪ, ಮೇಲಿನ ನೆಟ್‌ವರ್ಕ್ ಕಾರ್ಡಿನದು, ಮೋಡೆಮ್ಮಿಗೆ ತಂತಿ ಹೋಗುವ ಹೊಸ ಕಾರ್ಡಿನದು, ಅದು ತನ್ನ ಪಾಡಿಗೆ ತಾನು ಮಿಣುಕುತ್ತಿದೆ, ಕೆಳಗಿನ ಹಳೆಯ ಕಾರ್ಡು ಮಾತ್ರ ಕಣ್ಣು ಮುಚ್ಚಿಕೊಂಡು ಕೂತಿದೆ — ಕೂತಿರಲಿ, ಯಾರಿಗೆ ಬೇಕಾಗಿದೆ, ಅಂದುಕೊಂಡ, ಆದರೆ ಬೇಕಾಗಿತ್ತು, ಇವತ್ತೇ ಬೇಕಾಗಿತ್ತು, ಏಕೆಂದರೆ ಒಳಕೋಣೆಯಲ್ಲಿ ಸಾಲಾಗಿ ಇಟ್ಟ ಕಂಪ್ಯೂಟರುಗಳೆಲ್ಲ ಈ ಹಳೆಯ ಕಾರ್ಡಿನ ಬಾಗಿಲಿನಿಂದಲೇ ಒಳಗೆ ಬರಬೇಕು, ಬಂದರೆ ಕ್ಲಾಸಿನ ಹುಡುಗಿಯರ ಕಂಪ್ಯೂಟರ್ ಪರೀಕ್ಷೆ ಇಲ್ಲೇ ಅಂಕಲಿಯಲ್ಲಿ, ಈ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ನಡೆಯುತ್ತದೆ, ಬರದಿದ್ದರೆ ಮಧ್ಯಾಹ್ನ ಚಿಕ್ಕೋಡಿಯಿಂದ ತಪಾಸಣೆಗೆ ಬರುವ ಬಾಪುಸಾಹೇಬರು ಪರೀಕ್ಷಾ ಕೇಂದ್ರವನ್ನು ಬೇರೆ ಊರಿಗೆ ಬರೆದುಕೊಟ್ಟು ಹೋಗುತ್ತಾರೆ, ಆಮೇಲೆ ಬಸ್ಸು ಹತ್ತಿ ಪರೀಕ್ಷೆಗೆ ಹೋಗಲು ಯಾವ ಹುಡುಗಿಯ ಮನೆಯಲ್ಲಿ ಬಿಡುತ್ತಾರೆ, ಕುಸುಮಳ ಮನೆಯಲ್ಲಂತೂ ಬಿಡುವುದಿಲ್ಲ, ಇಲ್ಲಿಗೆ ಕಳಿಸುವುದಕ್ಕೇ ಅವಳ ಅಜ್ಜನ ಮುಂದೆ ಗಂಟಲು ಹರಿದುಕೊಂಡಿದ್ದಾಯಿತು, ಹುಡುಗಿಯರು ಬಿಟ್ಟರೆ ಕ್ಲಾಸು ಮುಚ್ಚಿತು, ಅಷ್ಟೇ, ಇಷ್ಟು ವರ್ಷದ ಉಪದ್ವ್ಯಾಪ ಒಂದು ದೀಪ ಹತ್ತದೆ ಮುಗಿದುಹೋಯಿತು. ಕೆಳಗಿನಿಂದ ಯೂರಿಯಾದ ವಾಸನೆ ಬರುತ್ತಿದೆ, ಮಿರಗದ, ಮೃಗಶಿರೆಯ ಮೊದಲ ಮಳೆ ಬಿದ್ದು ಹೋದ ಮೇಲೆ ಆ ವಾಸನೆ ಮೂಗಿನಲ್ಲೇ ಮನೆ ಮಾಡುತ್ತದೆ, ತಗಡಿನ ಅಂಚಿನಿಂದ ಇನ್ನೂ ತೊಟ್ಟಿಕ್ಕುತ್ತಿದೆ, ಅವನು ಎದ್ದು ಮತ್ತೆ ಕುರ್ಚಿಗೆ ಬಂದು ಬಿದ್ದ, ಬೆನ್ನು ನೋಯುತ್ತಿದೆ, ಬೆಳಗಿನಿಂದ ಬರೀ ಬಗ್ಗುವುದು ಏಳುವುದು.

ಮತ್ತೊಮ್ಮೆ, ಕಾರ್ಡನ್ನು ಎಬ್ಬಿಸುವ ಆಜ್ಞೆ, ಮಾಡ್‌ಪ್ರೋಬ್, ಸ್ಪೇಸ್, ಎನ್ ಇ, ಸ್ಪೇಸ್, ಐ ಓ ಮುನ್ನೂರು, ಸ್ಪೇಸ್, ಐ ಆರ್ ಕ್ಯೂ ಹತ್ತು, ಎಂಟರ್ — ಕಪ್ಪು ಪರದೆಯ ಮೇಲೆ ಅದೇ ಸಾಲು, ಬೆಳಗಿನಿಂದ ಅದೇ ಸಾಲು, ಮುನ್ನೂರನೆಯ ವಿಳಾಸದಲ್ಲಿ ಯಾವ ಕಾರ್ಡೂ ಸಿಗಲಿಲ್ಲ. ಹೊಸ ಕಾರ್ಡುಗಳು ತಾವೇ ಬಂದು ನಾನು ಇಂಥವ, ಇಲ್ಲಿದ್ದೇನೆ ಎಂದು ಲಿನಕ್ಸಿಗೆ ಹೇಳಿಕೊಳ್ಳುತ್ತವೆ, ಈ ಹಳೆಯವು ಹೇಳುವುದಿಲ್ಲ, ಮನೆಯ ಹಿರಿಯರ ಹಾಗೆ ಸುಮ್ಮನೆ ಕೂತಿರುತ್ತವೆ, ಇಂಥ ವಿಳಾಸದಲ್ಲಿ ಇಂಥವರು ಇದ್ದಾರೆ, ಇಂಥ ಸಂಖ್ಯೆಯಿಂದ ಕರೆದರೆ ಓ ಅನ್ನುತ್ತಾರೆ ಎಂದು ನಾವೇ ಹೇಳಿಕೊಡಬೇಕು, ಕಾರ್ಡಿನ ಮೇಲಿನ ಮುಳ್ಳಿನಂಥ ಪಿನ್ನುಗಳಿಗೆ ಸಾಸಿವೆಯಷ್ಟೇ ಸಣ್ಣ ಕಪ್ಪು ಟೊಪ್ಪಿಗೆ ತೊಡಿಸಿ ಆ ಸಂಖ್ಯೆ ಗೊತ್ತು ಮಾಡಬೇಕು, ತೊಡಿಸಿದ್ದ, ಹತ್ತಕ್ಕೇ ತೊಡಿಸಿದ್ದ, ನಿಪ್ಪಾಣಿಯ ಹಳೇ ಸಾಮಾನಿನ ಭೀಮಸಿಯ ಅಂಗಡಿಯಿಂದ ಈ ಕಾರ್ಡು ತಂದ ದಿನವೇ, ಸಿಡಿಲು ಟೆಲಿಫೋನ್ ತಂತಿ ಹಿಡಿದು ಬಂದು ಹೊಸ ನಮೂನೆಯ ಸ್ಲಾಟುಗಳಲ್ಲಿ ಒಂದನ್ನುಳಿದು ಎಲ್ಲವನ್ನೂ ಸುಟ್ಟುಹಾಕಿದ ವರ್ಷ, ಇನ್ನು ಉಳಿದದ್ದು ಆ ಉದ್ದನೆಯ ಹಳೆಯ ಕರಿ ಸ್ಲಾಟೊಂದೇ ಎಂದಾಗ ಭೀಮಸಿ ರಾಶಿಯೊಳಗಿಂದ ಇದನ್ನು ಹೆಕ್ಕಿ ತೆಗೆದು ಅಂಗಿಯ ತುದಿಯಿಂದ ಒರೆಸಿ ಕೊಟ್ಟಿದ್ದ, ತಗೋರಿ ದುಂಡೇಶ, ಇದಕ್ಕ ಸಾವಂಬೂದ ಇಲ್ಲ. ಸಾವಂಬೂದ ಇಲ್ಲ ಅಂತೆ. ದುಂಡೇಶ ನಕ್ಕ, ನಗುವಷ್ಟು ಶಕ್ತಿ ಇರಲಿಲ್ಲ, ಮೂಗಿನಿಂದ ಗಾಳಿ ಬಿಟ್ಟ ಅಷ್ಟೇ. ಸಂಖ್ಯೆ ಬದಲಿಸಿ ನೋಡೋಣ, ಐದು, ಸ್ಪೇಸ್‌ಬಾರಿನ ಮೇಲೆ ಹೆಬ್ಬೆರಳು ಟಪ್ಪೆಂದು ಬೀಳುತ್ತದೆ, ಸಿಗಲಿಲ್ಲ, ವಿಳಾಸ ಬದಲಿಸಿ ನೋಡೋಣ, ಮುನ್ನೂರ ಇಪ್ಪತ್ತು, ಸಿಗಲಿಲ್ಲ, ಮುನ್ನೂರ ನಲವತ್ತು, ಸಿಗಲಿಲ್ಲ, ಕಾರ್ಡು ಯಾವತ್ತೂ ವಾಸ ಮಾಡದ ಮನೆಗಳ ಬಾಗಿಲನ್ನೆಲ್ಲ ಯಾಕೆ ತಟ್ಟುತ್ತಿದ್ದಾನೆ, ಅವನಿಗೆ ಗೊತ್ತು, ಕಾರ್ಡು ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತು, ಏನಾಗಿದೆ ಎಂದೂ ಗೊತ್ತು, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದರೆ ಆಯಿತು, ಆದರೆ ಮುಚ್ಚಳ ತೆಗೆದರೆ ಅಲ್ಲಿ ಅವ್ವನ ಹೆಬ್ಬೆರಳು ಇದೆ.

ಹೋದ ಖಂಡೆನವಮಿಗೆ ಒತ್ತಿದ್ದು ಅದು. ಪ್ರತಿ ವರ್ಷ ಆ ದಿನ ಅವ್ವ ಸಾವಕ್ಕ ಬೆಳಿಗ್ಗೆಯೇ ಕುರಿ ಕತ್ತರಿಸುವ ಕತ್ತರಿ, ಕುಡಗೋಲು, ಕೊಡಲಿ ಎಲ್ಲ ತೊಳೆದು ಸಾಲಾಗಿಟ್ಟು ಪೂಜೆ ಮುಗಿಸಿ, ಸೆರಗಿನ ಗಂಟಿನಲ್ಲಿ ಭಂಡಾರದ, ದೇವರ ಅರಿಷಿಣ ಪುಡಿಯ ಚೀಲ ಕಟ್ಟಿಕೊಂಡು ಈ ಮಾಳಿಗೆಯ ಮೆಟ್ಟಿಲು ಹತ್ತಿ ಬರುತ್ತಿದ್ದಳು, ಏದುಸಿರು ಬಿಡುತ್ತ, ಎಲ್ಲಿ ಅದಾವೋ ನಿನ್ನ ಕುರಿಗೋಳು, ಎಂದು ಕಂಪ್ಯೂಟರುಗಳ ಬಗ್ಗೆ ಕೇಳುತ್ತ, ಪ್ರತಿ ವರ್ಷ ದುಂಡೇಶನದು ಒಂದೇ ಮಾತು, ಯವ್ವಾ ಮ್ಯಾಲ ಅಷ್ಟ ಹಚ್ಚ, ಸಂದಿನ್ಯಾಗ ಹಾಕಬ್ಯಾಡ, ಅವಳು ಮೇಲಷ್ಟೇ ಹಚ್ಚಿ, ಒಂದು ಚಿಟಿಕೆ ಗಾಳಿಗೆ ತೂರಿ, ಚಿಂಚಲಿ ಮಾಯಕ್ಕನ ಹೆಸರು ಹೇಳಿ ಇಳಿದು ಹೋಗುತ್ತಿದ್ದಳು, ಅವನು ಹಿಂದಿನಿಂದ ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದ, ಸೋನಾಲಿ ನೋಡಿ ನಗುತ್ತಿದ್ದಳು, ಸೊಸೆಗೂ ಅತ್ತೆಗೂ ಈ ವಿಷಯದಲ್ಲಿ ಒಳ್ಳೇ ಒಪ್ಪಂದ. ಹೋದ ವರ್ಷ ಮಾತ್ರ ಸಾವಕ್ಕ ಈ ಯಂತ್ರದ ಮುಂದೆ ನಿಂತು ಅಲ್ಲಾಡಲಿಲ್ಲ, ಅಲ್ಲೋ ದುಂಡ್ಯಾ, ವರ್ಷಾ ವರ್ಷಾ ದೇವರಿಗೆ ಬರೇ ಡಬ್ಬಿ ತೋರಸ್ತಿ, ಕತ್ತರಿ ಒರಿಯಾಗ ಇಟ್ಟ ಪೂಜಿ ಮಾಡ್ತಾರೇನೋ ಯಾರರೆ, ಒಳಗ ಕೆಲಸಾ ಮಾಡೂದು ಯಾವುದೈತಿ ಅದನ್ನ ತೋರಸ — ಮಾತು ಸರಿಯಾಗಿಯೇ ಇತ್ತಲ್ಲ, ಅವನೇ ಸ್ಕ್ರೂ ಬಿಚ್ಚಿದ, ಅವನೇ ಮುಚ್ಚಳ ತೆಗೆದ, ಯಾಕೆ ತೆಗೆದ, ಬೇಡ ಅನ್ನಲಿಕ್ಕೆ ಬೇಜಾರಾಗಿ ತೆಗೆದ, ಅಥವಾ ಅವಳು ಆ ಮೆಟ್ಟಿಲು ಹತ್ತುವಾಗ ಆಗಲೇ ಎರಡು ಕಡೆ ಕೂತು ಬಂದಿದ್ದಳೆಂದು ಸೋನಾಲಿ ಕಿವಿಯಲ್ಲಿ ಹೇಳಿದ್ದಳೆಂದು ತೆಗೆದ. ಅವ್ವ ಒಳಗೆ ಇಣುಕಿ ನೋಡಿದಳು, ತಂತಿಗಳನ್ನೂ ಫ್ಯಾನನ್ನೂ ಹಸಿರು ಹಲಗೆಯನ್ನೂ ನೋಡಿ, ಅಯ್ಯ ನಮ್ಮವ್ವ, ಹೊಟ್ಟೀ ಒಳಗ ನೋಡಿಧಂಗ ಆತಲ್ಲೋ, ಎಂದಳು, ಇದರಾಗ ಹುಡುಗ್ಯಾರನ್ನೆಲ್ಲಾ ಕರಕೊಂಬರೂದು ಯಾವುದು, ಅವನು ಹಳೆಯ ಕಾರ್ಡು ತೋರಿಸಿದ, ಇದ ಯವ್ವಾ, ಇದು ಬಂದ್ ಬಿದ್ರ ಎಲ್ಲಾ ಬಂದ್, ಅವಳು ಹೆಬ್ಬೆರಳನ್ನು ಭಂಡಾರದ ಚೀಲದಲ್ಲಿ ಅದ್ದಿ, ಒಂದು ಹನಿ ನೀರಿಗೆ ಮುಟ್ಟಿಸಿ, ಕಾರ್ಡಿನ ನಡುವಿನ ದೊಡ್ಡ ಕಪ್ಪು ಚಿಪ್ಪಿನ ಮೇಲೆ ಒತ್ತಿದಳು, ಗಟ್ಟಿಯಾಗಿ, ಕುರಿಯ ಹಣೆಗೆ ಒತ್ತುವಂತೆ, ಇನ್ನ ಬಂದ್ ಬೀಳಂಗಿಲ್ಲ ನೋಡ, ಎಂದಳು, ಒತ್ತಿದ ಮೇಲೆ ಉಳಿದ ಚಿಟಿಕೆಯನ್ನು ರೂಢಿಯಂತೆ ಮೇಲಿನಿಂದ ತೂರಿಬಿಟ್ಟಳು. ಆ ತೂರಿದ ಭಂಡಾರ ಎಲ್ಲಿಗೆ ಹೋಗುತ್ತದೆ, ಸ್ಲಾಟಿನ ಸಂದಿಗೇ ಹೋಗುತ್ತದೆ, ಚಳಿಗಾಲ ಬೇಸಿಗೆಯೆಲ್ಲ ಅಲ್ಲಿ ಒಣಗಿ ಸುಮ್ಮನಿತ್ತು, ಈಗ ಮಿರಗ ಬಂದು ಗಾಳಿ ಹಸಿಯಾದ ಕೂಡಲೇ ತೇವ ಹೀರಿ, ಕಾರ್ಡಿನ ಚಿನ್ನದ ಹಲ್ಲಿಗೂ ಸ್ಲಾಟಿಗೂ ನಡುವೆ ಅಂಟಿಕೊಂಡು ಕೂತಿದೆ. ಇದು ಬೆಳಗಿನ ಮೊದಲ ಸಲವೇ ಅವನಿಗೆ ಹೊಳೆದಿತ್ತು, ಹೊಳೆದದ್ದನ್ನು ಬದಿಗೆ ಸರಿಸಿ ಇಲ್ಲದ ತಪ್ಪನ್ನು ಕೀಬೋರ್ಡಿನಲ್ಲಿ ಹುಡುಕುತ್ತ ಕೂತಿದ್ದಾನೆ.

ಮೊಬೈಲು ಮೇಜಿನ ಮೇಲೆ ಗುರ್ ಎಂದು ತಿರುಗಿತು, ಸೋನಾಲಿ, ಆತೇನ್ರಿ, ಇಲ್ಲ ಇನ್ನೂ, ಏನಾಗೈತಂತ, ಸಾಫ್ಟ್‌ವೇರಿನ ತಕರಾರು, ಡ್ರೈವರ್ ಕಾರ್ಡನ್ನು ಗುರುತಿಸುತ್ತಿಲ್ಲ ಎಂದು ಅವನು ಏನೋ ಹೇಳಿದ, ಆ ಕಡೆ ಕುಕ್ಕರಿನ ಸೀಟಿ, ಆಮೇಲೆ ಅವಳು ದನಿ ಇಳಿಸಿ, ಮುಚ್ಚಳಾ ತಗದ ನೋಡೀರೇನು ಎಂದು ಕೇಳಿದಳು, ನಾನೂ ಅಲ್ಲೇ ಇದ್ದೆನಲ್ರಿ ಅವತ್ತ, ಅದರಾಗ ಏನೈತಿ ಅನ್ನೂದು ನನಗೂ ಗೊತ್ತೈತಿ, ತಗೀರಿ, ಎಷ್ಟ ದಿನಾ ಹಿಂಗ ಮುಚ್ಚಿ ಇಡ್ತೀರಿ, ಅವರಿದ್ರೂ ತಗೀ ಅಂತಿದ್ರು. ಅವರಿದ್ದರೆ. ಇದ್ದರೆ ತೆಗೆಯುವುದಕ್ಕೆ ಏನಿತ್ತು, ಒದ್ದೆ ಬಟ್ಟೆ ಹಿಡಿದು ಹಿಂದಿನಿಂದ ಒರೆಸುತ್ತಿರಲಿಲ್ಲವೇ, ಬಯ್ಯುತ್ತಿರಲಿಲ್ಲವೇ, ಇದ್ದಾಗ ಎಷ್ಟು ಭಂಡಾರ ಒರೆಸಿ ಎಸೆದಿಲ್ಲ, ಮನೆಯ ದೇವರ ಕೋಣೆಯ ಬಾಗಿಲ ಚೌಕಟ್ಟಿನ ಪಕ್ಕದ ಗೋಡೆ, ಅಲ್ಲಿ ಅವಳು ಪೂಜೆ ಮುಗಿಸಿದ ಮೇಲೆ ಹೆಬ್ಬೆರಳು ಒರೆಸುತ್ತಿದ್ದಳು, ಮದುವೆಯಾಗಿ ಬಂದ ವರ್ಷದಿಂದ ಒಂದೇ ಜಾಗ, ಒಂದರ ಮೇಲೊಂದು ಹಳದಿ ಬೊಟ್ಟು ಬಿದ್ದು ಬಿದ್ದು ಆ ಗೋಡೆ ಅಲ್ಲಿ ಉಬ್ಬಿಕೊಂಡಿತ್ತು, ಚಿಕ್ಕವನಿದ್ದಾಗ ಅವನು ಉಗುರಿನಿಂದ ಕೆರೆದರೆ ಪದರು ಪದರಾಗಿ ಉದುರುತ್ತಿತ್ತು. ಆ ಗೋಡೆಗೆ ಅಪ್ಪ ಸುಣ್ಣ ಹಚ್ಚಿಬಿಟ್ಟ. ಅವ್ವನ ದಿನಕಾರ್ಯಕ್ಕೆ ಮೊದಲು ಸೂತಕದ ಮನೆಗೆ ಸುಣ್ಣವಾಗಬೇಕು, ಅಪ್ಪ ಮಲಕಾರಿ ತಾನೇ ಸುಣ್ಣ ಕಲಸಿ, ತಾನೇ ಪೊರಕೆ ಹಿಡಿದು ಒಳಗೂ ಹೊರಗೂ ಹೊಡೆದ, ದುಂಡೇಶ ಪೇಟೆಯಿಂದ ಸಾಮಾನು ತಂದು ಒಳಗೆ ಕಾಲಿಟ್ಟರೆ ಮನೆ ಬೆಳ್ಳಗೆ, ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಬಾಗಿಲ ಪಕ್ಕವೂ ಬೆಳ್ಳಗೆ, ಯಪ್ಪಾ ಇದನ್ಯಾಕ ಬಿಡಲಿಲ್ಲ, ಅಪ್ಪ ಪೊರಕೆ ಕೆಳಗಿಟ್ಟು ಗೋಡೆ ನೋಡಿದ, ಬಹಳ ಹೊತ್ತು ನೋಡಿದ, ಆಗ ಅವನಿಗೆ ತಿಳಿಯಿತೆಂದು ಕಾಣುತ್ತದೆ, ಕೈ ತಡೀಲಿಲ್ಲೋ, ಹೊಡಕೊಂಡ ಹೋದೆ, ಎಂದಷ್ಟೇ ಹೇಳಿ ಹೊರಗೆ ಹೋಗಿ ಕುರಿಗಳ ನಡುವೆ ಕೂತುಬಿಟ್ಟ, ಅವನಿಗೆ ಬಯ್ಯಲಿಕ್ಕಾಗುತ್ತದೆಯೇ, ಆಗುವುದಿಲ್ಲ. ಭಂಡಾರದ ಚೀಲವನ್ನು ಹೆಂಗಸರು ಅಂಕಲಿ ಸೇತುವೆಯ ಮೇಲಿಂದ ಕೃಷ್ಣೆಗೆ ಬಿಟ್ಟರು, ಸೀರೆಗಳನ್ನು ಹಂಚಿದರು, ಫೋಟೋ ಒಂದಿದೆ, ಮತದಾರರ ಚೀಟಿಯದನ್ನು ದೊಡ್ಡದು ಮಾಡಿಸಿದ್ದು, ಅದರಲ್ಲಿ ಅವಳು ಯಾರದೋ ಅವ್ವನ ಹಾಗೆ ಹೆದರಿ ನಿಂತಿದ್ದಾಳೆ.

ಆ ಹೆಬ್ಬೆರಳಾದರೂ ಕೊನೆಗೆ ಹಳದಿಯಾಗಿ ಹೋಯಿತೇ, ಅದೂ ಇಲ್ಲ, ಮಿರಜದ ಆಸ್ಪತ್ರೆಯಲ್ಲಿ ಆಪರೇಷನ್ನಿನ ಮುಂಚೆ ನರ್ಸಮ್ಮ ಕಾಗದ ಹಿಡಿದು ಬಂದು, ಆಜೀಂಚಾ ಅಂಗಠಾ ಘ್ಯಾ, ಅಜ್ಜಿಯ ಹೆಬ್ಬೆಟ್ಟು ತಗೊಳ್ಳಿ, ಎಂದಳು, ದುಂಡೇಶನೇ ಅವ್ವನ ಹೆಬ್ಬೆರಳು ಹಿಡಿದು ಶಾಯಿಯ ಮೆತ್ತೆಯ ಮೇಲೆ ಹೊರಳಿಸಿ ಕಾಗದಕ್ಕೆ ಒತ್ತಿಸಿದ, ಬೆರಳು ಬೆಚ್ಚಗಿತ್ತು, ಒರಟಾಗಿತ್ತು, ಉಣ್ಣೆ ಹಿಂಜಿ ಹಿಂಜಿ ತುದಿ ನುಣುಪಾಗಿ ಗೆರೆಗಳೇ ಸರಿಯಾಗಿ ಮೂಡಲಿಲ್ಲ, ಮತ್ತೊಮ್ಮೆ ಒತ್ತಿಸಿರಿ ಎಂದಳು ನರ್ಸಮ್ಮ, ಅವ್ವ ಬೆರಳು ಎತ್ತಿ ಕಣ್ಣಿನ ಹತ್ತಿರ ಹಿಡಿದು, ನೋಡೋ, ಜನ್ಮದಾಗ ಹಳದಿ ಇದ್ದದ್ದ ಈಗ ನೀಲಿ ಆತು, ಎಂದಳು, ಒರಸ ಮಗಾ, ಅವನು ಕರವಸ್ತ್ರದಿಂದ ಒರೆಸಿದ, ಹೋಗಲಿಲ್ಲ, ಉಗುಳು ಹಚ್ಚಿ ಒರೆಸಿದ, ಹೋಗಲಿಲ್ಲ, ಬಂದ ಮ್ಯಾಲ ಅರಿಷಿಣಾ ಹಚ್ಚಿ ತಿಕ್ಕಿದ್ರ ಹೋಗ್ತೈತಿ ತಗೋ ಎಂದು ಅವಳೇ ಸಮಾಧಾನ ಹೇಳಿದಳು, ಸ್ಟ್ರೆಚರಿನ ಗಾಲಿಗಳು ತಿರುಗಿದವು, ಬಾಗಿಲು ಹಾಕಿಕೊಂಡಿತು, ಮುನ್ನೂರನೆಯ ವಿಳಾಸದಲ್ಲಿ ಯಾವ ಕಾರ್ಡೂ ಸಿಗಲಿಲ್ಲ. ಸಾಕು. ಸಾಕಾಯಿತು ಅವನಿಗೆ, ನಿಜವಾಗಿಯೂ ಸಾಕಾಯಿತು, ಅಳು ಬಂದರೆ ಅತ್ತು ಮುಗಿಸಬಹುದು, ಬರುವುದು ಬರೀ ದಣಿವು, ಆರು ತಿಂಗಳಿನಿಂದ ದಣಿವು, ಮಲಗಿ ಎದ್ದರೂ ದಣಿವು, ಬಾಪುಸಾಹೇಬರಿಗೆ ಫೋನು ಮಾಡಿ ಇವತ್ತು ಬರಬೇಡಿರೆಂದು ಹೇಳಿದರೆ ಹೇಗೆ, ಕ್ಲಾಸು ಮುಚ್ಚಿದೆ ಎಂದು ಹೇಳಿದರೆ ಹೇಗೆ, ಡಬ್ಬಿಯನ್ನು ಹಾಗೇ ಮನೆಗೆ ಒಯ್ದು ದೇವರ ಕೋಣೆಯಲ್ಲಿ ಇಟ್ಟುಕೊಳ್ಳಬಹುದು, ಅಪ್ಪನಿಗೂ ತೋರಿಸಬಹುದು, ಯಾರೂ ಸುಣ್ಣ ಹಚ್ಚದಂತೆ ಮುಚ್ಚಳದೊಳಗೆ ಇರುತ್ತದೆ — ಒಳಕೋಣೆಯಿಂದ ನಗು ಕೇಳಿಸಿತು, ಹುಡುಗಿಯರು ಬಂದಿದ್ದಾರೆ, ಯಾವಾಗ ಬಂದರೋ, ಕುಸುಮ ಬಾಗಿಲಲ್ಲಿ ನಿಂತಿದ್ದಾಳೆ, ಸರ್, ಎಲ್ಲಾ ಮಶೀನ್ ಚಾಲೂ ಮಾಡೀವ್ರಿ, ಸರ್ವರ್ ಸಿಗವಲ್ದು ಅಂತೈತಿ, ಇವತ್ತ ಆಗ್ತೈತಲ್ರಿ ಸರ್? ಅವಳ ಹಣೆಯ ಮೇಲೆ ಯಾರೋ ಮನೆಯಿಂದ ಹೊರಡುವಾಗ ಹಚ್ಚಿದ ಕುಂಕುಮ, ಹಚ್ಚಿದವರ ಬೆರಳು ದಪ್ಪ, ಮೂಗಿನ ಮೇಲೂ ಉದುರಿದೆ. ಇದು ಬಂದ್ ಬಿದ್ರ ಎಲ್ಲಾ ಬಂದ್ ಎಂದು ತೋರಿಸಿದ್ದು ಅವನೇ, ಬಂದ್ ಬೀಳಂಗಿಲ್ಲ ನೋಡ ಎಂದು ಒತ್ತಿದ್ದು ಅವ್ವ, ಆಗ್ತೈತಿ ಕುಸುಮ, ಹೋಗಿ ಕೂಡ್ರಿ, ಎಂದ ದುಂಡೇಶ, ಯಂತ್ರ ಆರಿಸಿದ, ಸ್ಕ್ರೂಡ್ರೈವರ್ ಹುಡುಕಿದ, ಅದು ಬೆಳಗಿನಿಂದ ಕಣ್ಣ ಮುಂದೆಯೇ ಇತ್ತು.

ಮುಚ್ಚಳ ಬಂತು, ಧೂಳು, ಧೂಳಿನ ಕೆಳಗೆ ಹಳದಿ, ಕಾರ್ಡಿನ ನಡುವೆ ಕಪ್ಪು ಚಿಪ್ಪಿನ ಮೇಲೆ ಇದೆ, ಇದ್ದೇ ಇದೆ, ಒಣಗಿ ಬಿರುಕು ಬಿಟ್ಟಿದ್ದರೂ ಇದೆ, ಮೇಲೆ ಅಗಲ, ಕೆಳಗೆ ಚೂಪು, ನಡುವೆ ಗೆರೆಯಿಲ್ಲದ ನುಣುಪು ಜಾಗ, ಆಸ್ಪತ್ರೆಯ ಕಾಗದದ ಮೇಲೆ ಮೂಡದ ಜಾಗ. ಅವನು ಉಸಿರು ಬಿಗಿಹಿಡಿದ, ಉಸಿರು ತಾಗಿದರೆ ಹಾರಿಹೋದೀತು, ಕಾರ್ಡನ್ನು ಅಂಚಿನಿಂದ ಹಿಡಿದು ಈ ಕಡೆ ಒಂಚೂರು ಆ ಕಡೆ ಒಂಚೂರು ಅಲುಗಿಸಿ ಎತ್ತಿದ, ಬಂತು, ಬೊಟ್ಟಿಗೆ ಏನೂ ಆಗಲಿಲ್ಲ, ಚಿನ್ನದ ಹಲ್ಲುಗಳ ಮೇಲೆ ಮೇಣದಂತೆ ಅಂಟಿದ್ದ ಭಂಡಾರವನ್ನು ಹುಡುಗಿಯರು ಬಿಟ್ಟುಹೋದ ರಬ್ಬರಿನಿಂದ ಉಜ್ಜಿದ, ಹಳದಿ ಪುಡಿ ಕಾಗದದ ಮೇಲೆ ಬಿತ್ತು, ಬ್ರಷ್ಷಿನಿಂದ ಸ್ಲಾಟು ಗುಡಿಸಿದ, ಇನ್ನು ಕೂಡಿಸಿದರೆ ಆಯಿತು, ಅಂಚಿನಿಂದಲೇ ಹಿಡಿದು ಇಳಿಸಿದ, ಒತ್ತಿದ, ಅರ್ಧಕ್ಕೆ ನಿಂತಿತು, ಈ ಹಳೆಯ ಸ್ಲಾಟುಗಳು ಬಿಗಿ, ಅಂಚಿನ ಒತ್ತಿಗೆ ಜಗ್ಗುವುದಿಲ್ಲ, ಮತ್ತೆ ಒತ್ತಿದ, ಒಂದು ಮೂಲೆ ಇಳಿದರೆ ಇನ್ನೊಂದು ಏಳುತ್ತದೆ, ಕೆಳಗೆ ಗೊಬ್ಬರದ ಅಂಗಡಿಯ ಮುಂದೆ ಮೋಟಾರ್ ಸೈಕಲ್ ನಿಂತ ಸದ್ದು, ಕ್ಲಾಸು ಮ್ಯಾಲ ಐತಿ ನೋಡ್ರಿ ಸಾಹೇಬ್ರ, ಹಿಂಗ ಬರ್ರಿ, ಮೆಟ್ಟಿಲ ಮೇಲೆ ಚಪ್ಪಲಿ, ನಡುವೆ ಗಟ್ಟಿಯಾಗಿ ಒತ್ತದೆ ಇದು ಕೂಡುವುದಿಲ್ಲ, ನಡುವೆ ಅಂದರೆ ಅಲ್ಲೇ, ಬೇರೆ ಜಾಗವಿಲ್ಲ, ಯವ್ವಾ, ಎಂದ ಅವನು, ಬಾಯಲ್ಲಿ ಎಂದನೋ ಮನಸ್ಸಿನಲ್ಲಿ ಎಂದನೋ, ತನ್ನ ಹೆಬ್ಬೆರಳನ್ನು ಅವಳ ಹೆಬ್ಬೆರಳಿನ ಮೇಲೆ ಇಟ್ಟು ಒತ್ತಿದ. ಕಟಕ್ ಎಂದು ಕಾರ್ಡು ತಳಕ್ಕೆ ಕೂತಿತು.

ಯಂತ್ರ ಏಳುತ್ತಿದೆ, ಪರದೆಯ ಮೇಲೆ ಸಾಲುಗಳು ಓಡುತ್ತಿವೆ, ಬಾಪುಸಾಹೇಬರು ಒಳಗೆ ಬಂದು ಟೊಪ್ಪಿಗೆ ತೆಗೆದು ಕುರ್ಚಿಯಲ್ಲಿ ಕೂತು ನೀರು ಕೇಳಿದರು, ಕಾಯ್ ಮಳೀರಿ ಇದು, ಹುಬ್ಬರವಾಡಿತನಕಾ ತೋಯಿಸಿಕೊಂಡ ಬಂದೆ, ಹಾಂ, ದಾಖವಾ, ತೋರಸ್ರಿ ನಿಮ್ಮ ನೆಟ್‌ವರ್ಕ್, ಎಂದು ಏನೇನೋ ಹೇಳುತ್ತಿದ್ದಾರೆ, ದುಂಡೇಶನಿಗೆ ಅರ್ಧ ಕೇಳಿಸುತ್ತದೆ ಅರ್ಧ ಇಲ್ಲ, ಮುನ್ನೂರನೆಯ ವಿಳಾಸದಲ್ಲಿ ಕಾರ್ಡು ಸಿಕ್ಕಿದೆ ಎಂಬ ಸಾಲು ಬಂದು ಮೇಲಕ್ಕೆ ಸರಿದು ಹೋಯಿತು, ಗೋಡೆಯ ಮೇಲೆ ಹಸಿರು ಬೆಳಕು ಬಿದ್ದು ಬಿದ್ದು ಏಳುತ್ತಿದೆ, ಎರಡು ದೀಪ, ಎರಡೂ ಹತ್ತಿವೆ, ಬಗ್ಗಿ ನೋಡುವ ಅಗತ್ಯವೇ ಇಲ್ಲ, ತೆರೆದ ಡಬ್ಬಿಯೊಳಗೆ ಚಿಪ್ಪಿನ ಮೇಲೆ ಏನು ಉಳಿದಿದೆ ಎಂದು ಮಾತ್ರ ಅವನು ನೋಡಲಿಲ್ಲ, ನೋಡಬೇಕಾದದ್ದು ತನ್ನ ಕೈಯಲ್ಲೇ ಇದೆ, ಬೆವತ ಹೆಬ್ಬೆರಳಿಗೆ ಭಂಡಾರವೆಲ್ಲ ಎದ್ದು ಬಂದಿದೆ, ಹಳದಿ, ಅಚ್ಚ ಹಳದಿ. ಶಾಲೆಯ ಪರೀಕ್ಷೆಗೆ ಹೊರಟಾಗ ಇದನ್ನೇ ಅವ್ವ ಹಣೆಗೆ ಒತ್ತುತ್ತಿದ್ದಳು, ಹಿಂಗ ಹೋಗಿ ಹಂಗ ಬಾ, ಅವನು ಶಾಲೆಯ ಗೇಟಿನ ಹತ್ತಿರ ತೋಳಿನಿಂದ ಒರೆಸಿಕೊಳ್ಳುತ್ತಿದ್ದ. ಚಾಲೂ ಮಾಡ್ರಿ ಸರ್, ಎಂದರು ಬಾಪುಸಾಹೇಬರು, ಒಳಗಿನ ಕಂಪ್ಯೂಟರನ್ನು ಇಲ್ಲಿಂದ ಒಮ್ಮೆ ಕರೆದು ತೋರಿಸಿದರೆ ಸಾಕು, ಅವನು ಪಿಂಗ್ ಎಂದು ಬರೆದ, ಎಡಗೈಯ ಬೆರಳುಗಳಿಂದಲೇ ಬರೆದ, ಇನ್ನು ಒಂದು ಸ್ಪೇಸ್ ಕೊಟ್ಟು ವಿಳಾಸ ಬರೆಯಬೇಕು, ಬಿಳಿಯ ಸ್ಪೇಸ್‌ಬಾರು ಸುಣ್ಣ ಹಚ್ಚಿದ ಗೋಡೆಯಂತೆ ಕೆಳಗೆ ಕಾಯುತ್ತಿದೆ, ಒಳಕೋಣೆಯಲ್ಲಿ ಹುಡುಗಿಯರು ಮಾತು ನಿಲ್ಲಿಸಿ ಕಾಯುತ್ತಿದ್ದಾರೆ, ಬಲಗೈ ಹೆಬ್ಬೆರಳು ಕೀಬೋರ್ಡಿಗೂ ಇಳಿಯದೆ, ಹಣೆಗೂ ಏರದೆ, ನಡುವೆ ನಿಂತಿದೆ — ಹಳದಿ ಹೆಬ್ಬೆರಳು.